ಅರಗಿನ ಮನೆಯ ವಸ್ತುವಿಚಾರ: ಠಾಣೆ-ಕಲ್ಯಾಣ ಪ್ರದೇಶದ ರಾಳದ ಪ್ರತಿಕೃತಿಗಳು ಮತ್ತು ಭರತನ ‘ಪುಸ್ತ’

ನಾಟ್ಯಧರ್ಮಿ, ಲೋಕಧರ್ಮಿ ಎಂಬ ಭರತನ ಜೋಡಿಯನ್ನು ಕನ್ನಡ ರಂಗವಿಮರ್ಶೆಯು ಬಹುಕಾಲದಿಂದ ಒಂದು ಸರಳ ವಿಭಜನೆಯಾಗಿ ಬಳಸುತ್ತ ಬಂದಿದೆ. ಯಕ್ಷಗಾನ, ಮೂಡಲಪಾಯ, ದೊಡ್ಡಾಟಗಳು ನಾಟ್ಯಧರ್ಮಿ. ಚಲನಚಿತ್ರ ಮತ್ತು ಕಿರುತೆರೆಗಳು ಲೋಕಧರ್ಮಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ. ಕ್ಯಾಮೆರಾ ಇದ್ದುದನ್ನು ಇದ್ದಂತೆಯೇ ಹಿಡಿಯುತ್ತದೆ, ಆದ್ದರಿಂದ ಅದರ ಮುಂದಿಟ್ಟ ವಸ್ತುವೂ ಲೋಕದ ವಸ್ತುವೇ ಎಂಬ ನಂಬಿಕೆ ಇದರ ಹಿಂದಿದೆ. ವಸ್ತುಗಳ ಮಟ್ಟಿಗೆ ಈ ವಿಭಜನೆ ನಿಲ್ಲುವುದಿಲ್ಲವೆಂಬುದು ನಮ್ಮ ವಾದ. ಅದಕ್ಕೆ ಆಧಾರವಾಗಿ ಚಲನಚಿತ್ರ, ಧಾರಾವಾಹಿಗಳಿಗೆಂದು ರಾಳದಲ್ಲಿ ಎರಕ ಹೊಯ್ಯುವ ಪ್ರತಿಕೃತಿಗಳ ಕಸುಬನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ಕಸುಬಿಗೆ ಬೇಕಾದ ಅನುಕೂಲಗಳು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಸುತ್ತ ಒಟ್ಟಾಗಿ ದೊರೆಯುತ್ತವೆ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಧಾರಾವಾಹಿಗಳ ಚಿತ್ರೀಕರಣದ ಅಂಗಳಗಳಿವೆ. ಡೊಂಬಿವಲಿಯಲ್ಲಿಯೂ ಠಾಣೆ-ಬೇಲಾಪುರ ಪಟ್ಟಿಯಲ್ಲಿಯೂ ರಾಸಾಯನಿಕ ಉದ್ಯಮ ಬೇರೂರಿದೆ. ದಕ್ಷಿಣಕ್ಕೆ ಸರಿದರೆ ಗಣೇಶನ ಮೂರ್ತಿಗಳಿಗೆ ಹೆಸರಾದ ಪೇಣ್ ಇದೆ. ಅಚ್ಚು ತೆಗೆದು ಒಂದನ್ನು ನೂರಾಗಿಸುವ ವಿದ್ಯೆ ಆ ಸೀಮೆಗೆ ಹೊಸದಲ್ಲ. ಕಲ್ಯಾಣದಿಂದ ರೈಲುಮಾರ್ಗದಲ್ಲಿ ಮುಂದೆ ಸಿಗುವ ಕರ್ಜತ್‌ನಲ್ಲಿ ಕಲಾನಿರ್ದೇಶಕ ನಿತಿನ್ ಚಂದ್ರಕಾಂತ ದೇಸಾಯಿ 2005ರಲ್ಲಿ ಚಿತ್ರೀಕರಣ ಕೇಂದ್ರವೊಂದನ್ನು ಸ್ಥಾಪಿಸಿದರು.

ಕಸುಬಿನ ಕ್ರಮವನ್ನು ತುಸು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ನಮ್ಮ ವಾದವಿರುವುದು ಅದರಲ್ಲಿಯೇ. ಮೊದಲು ಮೂಲವಸ್ತು ಬೇಕು: ಹಳೆಯ ಹಿತ್ತಾಳೆಯ ದೀಪವೋ, ಜೇಡಿಯಲ್ಲಿ ತಿದ್ದಿದ ಕಿರೀಟವೋ ಆಗಬಹುದು. ಅದರ ಮೇಲೆ ಸಿಲಿಕೋನ್ ರಬ್ಬರನ್ನು ಸುರಿದು ಅಚ್ಚು ತೆಗೆಯುತ್ತಾರೆ. ರಬ್ಬರು ಮೆತ್ತಗಿರುವುದರಿಂದ ಹೊರಗೆ ಗಾರೆಯ ಅಥವಾ ಗಾಜುನಾರಿನ ಗಟ್ಟಿ ಕವಚ ಕಟ್ಟುತ್ತಾರೆ. ಒಳಗೆ ಹೊಯ್ಯುವ ಪಾಲಿಯೆಸ್ಟರ್ ರಾಳಕ್ಕೆ ಕೋಬಾಲ್ಟಿನ ವೇಗವರ್ಧಕವನ್ನೂ ಆಮೇಲೆ ನೂರಕ್ಕೆ ಒಂದೆರಡು ಪಾಲಿನಷ್ಟು ಪೆರಾಕ್ಸೈಡ್ ಗಟ್ಟಿಕಾರಕವನ್ನೂ ಬೆರೆಸುತ್ತಾರೆ. ಲೋಹದ ನೋಟ ಬೇಕಾದರೆ ಮೊದಲ ಪದರಕ್ಕೆ ಹಿತ್ತಾಳೆಯ ಅಥವಾ ಕಂಚಿನ ಪುಡಿ ಸೇರಿಸಿ, ಗಟ್ಟಿಯಾದ ಮೇಲೆ ಉಕ್ಕಿನ ನಾರಿನಿಂದ ಉಜ್ಜುತ್ತಾರೆ. ಆಗ ಮೇಲ್ಮೈಯ ರಾಳ ಸವೆದು ಪುಡಿ ಹೊರಗೆ ಕಾಣುತ್ತದೆ. ಕಣ್ಣಿಗೆ ಬೀಳುವುದು ನಿಜವಾದ ಲೋಹವೇ, ಆದರೆ ಕೂದಲೆಳೆಯ ದಪ್ಪದಷ್ಟು ಮಾತ್ರ. ಕೊನೆಯಲ್ಲಿ ಕಪ್ಪು ಬಣ್ಣವನ್ನು ಬಳಿದು ಒರೆಸುತ್ತಾರೆ. ಸಂದುಗಳಲ್ಲಿ ಉಳಿದ ಕಪ್ಪು ನೂರು ವರ್ಷದ ಎಣ್ಣೆ, ಮಸಿಗಳ ಕೆಲಸವನ್ನು ಒಂದು ಗಳಿಗೆಯಲ್ಲಿ ಮಾಡುತ್ತದೆ.

ಪದವಿಚಾರವಾಗಿ ಒಂದು ಮಾತು. ಮರಾಠಿಯಲ್ಲಿ ಅಚ್ಚಿಗೆ ‘ಸಾಚಾ’ ಎನ್ನುತ್ತಾರೆ. ಕನ್ನಡದಲ್ಲಿ ‘ಸಾಚಾ’ ಎಂದರೆ ಅಸಲಿ, ಖರೆ. ಡೊಂಬಿವಲಿಯಲ್ಲಿ ನೆಲೆಸಿದ ಕನ್ನಡಿಗನೊಬ್ಬ ಒಂದೇ ಸದ್ದಿನಿಂದ ಎರಡು ವಿರುದ್ಧ ಅರ್ಥಗಳನ್ನು ಕೇಳಬೇಕಾಗುತ್ತದೆ. ಕನ್ನಡದ ‘ಅಚ್ಚ’, ‘ಅಚ್ಚು’ಗಳೂ ಇದೇ ಬಗೆಯ ನೆರೆಹೊರೆಯವು. ಇದರಿಂದ ವ್ಯುತ್ಪತ್ತಿಯ ತೀರ್ಮಾನಕ್ಕೆ ಹಾರುವ ಉದ್ದೇಶ ನಮಗಿಲ್ಲ.

ಪ್ರತಿಕೃತಿ ಎಲ್ಲಿ ಸೋಲುತ್ತದೆಂಬುದೇ ಮುಖ್ಯ ಪ್ರಶ್ನೆ. ಅದು ಸೋಲುವುದು ಕಣ್ಣಿನಲ್ಲಲ್ಲ, ಕೈಯಲ್ಲಿ. ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಗಟ್ಟಿಯಾದ ಪಾಲಿಯೆಸ್ಟರ್ ರಾಳದ್ದು ಸುಮಾರು 1.2 ಗ್ರಾಂ. ಏಳು ಕಿಲೋ ತೂಗುವ ದೀಪದ ರಾಳದ ಪ್ರತಿ ಒಂದು ಕಿಲೋ ತೂಗುತ್ತದೆ. ಒಳಗನ್ನು ಪೊಳ್ಳಾಗಿ ಎರೆದರೆ ಅದೂ ಇಲ್ಲ. ನಟಿ ಅದನ್ನು ಸಲೀಸಾಗಿ ಎತ್ತಿದೊಡನೆ ದೀಪವು ಸುಳ್ಳಾಗುತ್ತದೆ. ಬುಡದಲ್ಲಿ ಮರಳನ್ನೋ ಕಬ್ಬಿಣದ ಗುಂಡುಗಳನ್ನೋ ತುಂಬಿ ತೂಕ ಹೆಚ್ಚಿಸುವುದುಂಟು. ಆದರೆ ಭೀಮನ ಗದೆಗೆ ಆ ಉಪಾಯ ಸಾಗದು. ದಿನವಿಡೀ ಬೀಸಬೇಕಾದ ನಟನ ಭುಜವನ್ನೂ ಎದುರಾಳಿಯ ತಲೆಯನ್ನೂ ಲೆಕ್ಕಿಸಬೇಕು. ಗದೆಯ ಭಾರವನ್ನು ನಟನು ತನ್ನ ಸೊಂಟದಿಂದ, ಮೊಣಕಾಲಿನಿಂದ, ಉಸಿರಿನಿಂದ ಕೊಡಬೇಕು. ಸದ್ದನ್ನು ಆಮೇಲೆ ಬೇರೆಯವರು ಸೇರಿಸುತ್ತಾರೆ.

ನಾಟ್ಯಶಾಸ್ತ್ರದ ಆಹಾರ್ಯಾಭಿನಯದ ಅಧ್ಯಾಯವು ಇದನ್ನು ಮೊದಲೇ ಕಂಡಿದೆ. ಕೆಲವು ಮುದ್ರಣಗಳಲ್ಲಿ 21ನೆಯದಾಗಿ, ಕೆಲವುಗಳಲ್ಲಿ 23ನೆಯದಾಗಿ ಇರುವ ಆ ಅಧ್ಯಾಯದಲ್ಲಿ ಭರತನು ಆಹಾರ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಜೀವ ಎಂದು ನಾಲ್ಕಾಗಿ ವಿಂಗಡಿಸುತ್ತಾನೆ. ಪುಸ್ತವೆಂದರೆ ಬೆಟ್ಟ, ರಥ, ಆಯುಧ ಮುಂತಾದವುಗಳ ಕೃತಕ ರಚನೆ. ಕಬ್ಬಿಣ, ಕಲ್ಲುಗಳಂಥ ಭಾರದ ವಸ್ತುಗಳಿಂದ ಇವನ್ನು ಮಾಡಬಾರದು; ಅರಗು, ಬಿದಿರು, ಬಟ್ಟೆ, ತೊಗಲು, ಮೇಣ, ಅಭ್ರಕಗಳಂಥ ಹಗುರ ವಸ್ತುಗಳನ್ನು ಬಳಸಬೇಕು; ಚಿನ್ನದ ತೂಕದ ಒಡವೆ ತೊಟ್ಟ ನಟನು ಬಳಲಿ ಬವಳಿ ಬೀಳುತ್ತಾನೆ ಎಂಬುದು ಅಲ್ಲಿನ ತಾತ್ಪರ್ಯ. ಅರಗು ಕೂಡ ರಾಳದ ಜಾತಿಯದೇ ಎಂಬುದನ್ನು ಗಮನಿಸಬೇಕು. ಕೀಟ ಸ್ರವಿಸಿದ ರಾಳದ ಸ್ಥಾನಕ್ಕೆ ಕಾರ್ಖಾನೆಯ ರಾಳ ಬಂದಿದೆ, ಅಷ್ಟೆ. ಲೋಕದ ಸ್ವಭಾವವು ಲೋಕಧರ್ಮಿ, ಅದರ ಮಾರ್ಪಾಟು ನಾಟ್ಯ ಎಂದು ಭರತನು ಹೇಳುವುದೂ ಈ ವಸ್ತುಪ್ರಸಂಗದಲ್ಲಿಯೇ. ಹಾಗಿರುವಾಗ ಕಿರುತೆರೆಯ ಗದೆ ನೋಟದಲ್ಲಿ ಲೋಕಧರ್ಮಿಯಾಗಿದ್ದರೂ ದ್ರವ್ಯದಲ್ಲಿ ನಾಟ್ಯಧರ್ಮಿಯೇ ಸರಿ. ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಯಕ್ಷಗಾನದ ಭುಜಕೀರ್ತಿಗೂ ಅದಕ್ಕೂ ಇರುವ ಅಂತರ ನೋಡುವ ದೂರದ್ದೇ ಹೊರತು ಜಾತಿಯದಲ್ಲ.

ಭರತನು ನಟನ ಅನುಕೂಲವನ್ನು ಮಾತ್ರ ಕುರಿತು ಹೇಳಿದ್ದಾನೆ, ಅದರಿಂದ ತತ್ತ್ವ ಎಳೆಯುವುದು ಸಲ್ಲದು ಎಂಬ ಆಕ್ಷೇಪ ಬರಬಹುದು. ಅನುಕೂಲವೇ ಇಲ್ಲಿ ತತ್ತ್ವವೆಂದು ನಮ್ಮ ಅಭಿಪ್ರಾಯ. ವಸ್ತುವಿನ ಭಾರ ಇಳಿದಾಗಲೇ ಭಾರವು ಅಭಿನಯದ ವಿಷಯವಾಗುತ್ತದೆ. ಗುಬ್ಬಿ ಕಂಪನಿಯು ‘ಕುರುಕ್ಷೇತ್ರ’ಕ್ಕಾಗಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದುದು ಕನ್ನಡಿಗರ ನೆನಪಿನಲ್ಲಿ ಇನ್ನೂ ಉಳಿದಿದೆ, ಆದರೆ ನೆನಪಿನಲ್ಲಿ ಉಳಿದದ್ದು ಆನೆಯೇ. ‘ಜೋಧಾ ಅಕ್ಬರ್’ (2008) ಚಿತ್ರದಲ್ಲಿ ಈ ವಿರೋಧ ಒಂದೇ ಚೌಕಟ್ಟಿನೊಳಗೆ ಬಂದಿದೆ. ಕರ್ಜತ್‌ನಲ್ಲಿ ದೇಸಾಯಿಯವರು ಆಗ್ರಾ ಕೋಟೆಯ ಪ್ರತಿಕೃತಿ ಕಟ್ಟಿಸಿದರು. ಒಡವೆಗಳನ್ನು ಮಾತ್ರ ತನಿಷ್ಕ್ ಸಂಸ್ಥೆಯು ಅಸಲಿ ಚಿನ್ನದಲ್ಲಿಯೇ ಮಾಡಿಕೊಟ್ಟಿತು. ಕೋಟೆ ಸುಳ್ಳು, ಕೊರಳಹಾರ ನಿಜ. ಆ ಚಿತ್ರವನ್ನು ನೋಡುವಾಗ ಹಾರದ ನಿಜವು ಪಾತ್ರಕ್ಕೆ ಏನನ್ನೂ ಸೇರಿಸದೆ, ಪ್ರಚಾರಕ್ಕೆ ಮಾತ್ರ ಒದಗಿತೆಂದು ನಮಗನಿಸುತ್ತದೆ.

ಇನ್ನು ಅರಗಿನ ಮನೆಯ ವಿಚಾರ. ಪಂಪನೂ ಕುಮಾರವ್ಯಾಸನೂ ಹೇಳಿದ ಈ ಕಥೆಯನ್ನು ನಮ್ಮ ವಿಮರ್ಶೆ ರಾಜಕೀಯ ಕಪಟದ ಕಥೆಯಾಗಿ ಓದಿದೆ. ಪ್ರತಿಕೃತಿಯ ಕಥೆಯಾಗಿ ಓದಿಲ್ಲ. ವ್ಯಾಸಭಾರತದಲ್ಲಿ ದುರ್ಯೋಧನನು ಪುರೋಚನನಿಗೆ ಕೊಡುವ ಪಟ್ಟಿಯನ್ನು ನೋಡಬೇಕು: ಸೆಣಬು, ಸರ್ಜರಸವೆಂಬ ಮರದ ರಾಳ, ತುಪ್ಪ, ಎಣ್ಣೆ, ಅರಗು, ಇವನ್ನು ಮಣ್ಣಿಗೆ ಕಲಸಿ ಗೋಡೆಗೆ ಮೆತ್ತಬೇಕು. ನಾರು ಮತ್ತು ರಾಳ! ಇಂದಿನ ಗಾಜುನಾರಿನ ಎರಕದ ಸೂತ್ರವೂ ಅದೇ. ಧರ್ಮರಾಯನು ಆ ಮನೆಯ ನಿಜವನ್ನು ಕಂಡು ತಿಳಿಯಲಿಲ್ಲ, ಮೂಸಿ ತಿಳಿದ ಎಂಬುದು ಇನ್ನೂ ಗಮನಾರ್ಹ. ಕಣ್ಣನ್ನು ಗೆದ್ದ ಕೃತಕವು ಮೂಗಿಗೆ ಸಿಕ್ಕಿಬಿತ್ತು. ಪಾಲಿಯೆಸ್ಟರ್ ರಾಳದಿಂದೇಳುವ ಸ್ಟೈರೀನಿನ ಕಟುವಾಸನೆ ತೆರೆಯನ್ನು ದಾಟಿ ನೋಡುಗನನ್ನು ತಲುಪುವುದಿಲ್ಲ. ಎರಕ ಹೊಯ್ಯುವವನ ಎದೆಯಲ್ಲಿ ಉಳಿಯುತ್ತದೆ.

ಅಪಾಯವೂ ಕಥೆಯಲ್ಲಿನಂತೆಯೇ ಬೆಂಕಿಯದು. ವೇಗವರ್ಧಕವನ್ನೂ ಗಟ್ಟಿಕಾರಕವನ್ನೂ ರಾಳವಿಲ್ಲದೆ ನೇರವಾಗಿ ಬೆರೆಸಿದರೆ ಸಿಡಿಯುತ್ತವೆ. ಒಂದನ್ನು ಕಲಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕೆಂಬುದು ಈ ಕಸುಬಿನ ಮೊದಲ ಪಾಠ. ರಾಸಾಯನಿಕಗಳ ನೆರೆಯಲ್ಲಿ ಬಾಳುವುದೆಂದರೇನೆಂದು ಡೊಂಬಿವಲಿಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ ತಿಂಗಳಲ್ಲಿಯೂ 2024ರ ಮೇ ತಿಂಗಳಲ್ಲಿಯೂ ಕಾರ್ಖಾನೆಗಳು ಸ್ಫೋಟಗೊಂಡು ಜನ ಸತ್ತರು.

ಕನ್ನಡ ಸಂಶೋಧಕರಿಗೆ ಇದು ಪರರ ವಿಷಯವಲ್ಲ. ಹಿಂದಿಯಲ್ಲಿ 2013-14ರಲ್ಲಿ ಪ್ರಸಾರವಾದ ‘ಮಹಾಭಾರತ’ ಧಾರಾವಾಹಿ 2020ರಲ್ಲಿ ಕನ್ನಡದ ದನಿಯೊಡನೆ ಕರ್ನಾಟಕದ ಮನೆಗಳನ್ನು ಹೊಕ್ಕಿತು. ಆಗ ನಡೆದ ಚರ್ಚೆಯೆಲ್ಲ ಭಾಷೆಯನ್ನು ಕುರಿತದ್ದು. ದನಿ ಬದಲಾದರೂ ಕಿರೀಟ, ಗದೆ, ಸಿಂಹಾಸನಗಳು ಅವೇ ಉಳಿದವು. ಕುಮಾರವ್ಯಾಸನನ್ನು ಕೇಳಿ, ಬಯಲಾಟ ನೋಡಿ ಬೆಳೆದ ಕಣ್ಣಿಗೆ ಇವು ಹೊಸದೊಂದು ದುರ್ಯೋಧನನನ್ನು ಕಟ್ಟಿಕೊಟ್ಟವು. ಆ ಕಟ್ಟುವಿಕೆಯಲ್ಲಿ ದ್ರವ್ಯದ ಪಾಲೆಷ್ಟು ಎಂದು ಯಾರಾದರೂ ಅಳೆಯಬೇಕಾಗಿದೆ.

ಅಳೆಯಲು ಹೊರಟವರಿಗೆ ಆಕರದ ತೊಡಕಿದೆ. ಸಿಲಿಕೋನ್ ಅಚ್ಚು ಕೆಲವು ಹತ್ತು ಎರಕಗಳಾಚೆಗೆ ಹರಿಯತೊಡಗುತ್ತದೆ. ಪ್ರತಿಕೃತಿಗಳು ಬಣ್ಣ ಬದಲಿಸಿಕೊಂಡು ಇನ್ನೊಂದು ಕಥೆಗೆ ಹೋಗುತ್ತವೆ ಅಥವಾ ಒಡೆದು ಮೂಲೆ ಸೇರುತ್ತವೆ. ಕಲಾನಿರ್ದೇಶಕನ ಹೆಸರು ತೆರೆಯ ಮೇಲೆ ಬರುತ್ತದೆ. ಎರಕದವನ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಕಾನ್ಹೇರಿಯ ಗುಹಾಶಾಸನಗಳಲ್ಲಿ ಕಲ್ಯಾಣದ ದಾನಿಗಳ ಹೆಸರುಗಳಿವೆ. ಅದು ನಮ್ಮ ಬಸವಕಲ್ಯಾಣವಲ್ಲ, ಇದೇ ಕೊಂಕಣದ ಹಳೆಯ ಬಂದರು. ಅವರಲ್ಲಿ ನೀರಿನ ತೊಟ್ಟಿಯೊಂದನ್ನು ದಾನ ಮಾಡಿದ ಸಾಮಿದತ್ತನೆಂಬ ಅಕ್ಕಸಾಲಿಗನೂ ಒಬ್ಬ.