ಹೆಸರಿನ ಸಾಮ್ಯ, ವ್ಯಕ್ತಿಯ ಐಕ್ಯ

ಒಂದೇ ಹೆಸರಿನ ಇಬ್ಬರು ಒಬ್ಬನೇ ವ್ಯಕ್ತಿಯೋ ಅಲ್ಲವೋ ಎಂಬ ಪ್ರಶ್ನೆ ಕನ್ನಡ ಸಾಹಿತ್ಯಚರಿತ್ರೆಯ ಅಭ್ಯಾಸಿಗಳಿಗೆ ಹೊಸದಲ್ಲ. ‘ಛಂದೋಂಬುಧಿ’ಯ ನಾಗವರ್ಮನೂ ‘ಕಾವ್ಯಾವಲೋಕನ’ದ ನಾಗವರ್ಮನೂ ಅಭಿನ್ನರೆಂದು ಹಿಂದೆ ಕೆಲವರು ಭಾವಿಸಿದ್ದುಂಟು. ಕವಿಚರಿತೆಕಾರರಾದ ಆರ್. ನರಸಿಂಹಾಚಾರ್ಯರು ಅವರನ್ನು ಬೇರ್ಪಡಿಸಿದರು; ಬೇರ್ಪಡಿಸಿದ್ದಕ್ಕೆ ಕಾರಣಗಳನ್ನೂ ಓದುಗರ ಮುಂದಿಟ್ಟರು. ಒಪ್ಪದವನು ಆ ಕಾರಣಗಳನ್ನೇ ಹಿಡಿದು ವಾದಿಸಬಹುದಾಗಿತ್ತು.

ತೆಲಂಗಾಣ ಸರ್ಕಾರದ ‘ಸಮಗ್ರ ವೇದಿಕೆ’ ಇದೇ ಪ್ರಶ್ನೆಯನ್ನು ಯಂತ್ರಕ್ಕೆ ಒಪ್ಪಿಸಿದ ಏರ್ಪಾಡು. ವಾಹನ, ಆಸ್ತಿ, ವಿದ್ಯುತ್ತು ಮೊದಲಾದ ಇಲಾಖೆಗಳ ದಾಖಲೆಗಳಲ್ಲಿ ಚದುರಿರುವ ಹೆಸರು ವಿಳಾಸಗಳನ್ನು ತಾಳೆ ನೋಡಿ, ಇವೆಲ್ಲ ಒಬ್ಬನವೇ ಎಂದು ಅದು ಊಹಿಸುತ್ತದೆ. ಉದ್ದೇಶ ಆಕ್ಷೇಪಾರ್ಹವಲ್ಲ, ಉಳ್ಳವರು ಬಡವರ ಅಕ್ಕಿಯನ್ನು ಕಬಳಿಸಬಾರದು. ಊಹೆಯು ನಿರ್ಣಯದ ವೇಷ ತೊಟ್ಟು ಹೊರಬೀಳುವಲ್ಲಿ ದೋಷವಿದೆ. ಹೈದರಾಬಾದಿನಲ್ಲಿ ರಿಕ್ಷಾ ತುಳಿಯುತ್ತಿದ್ದ ಒಬ್ಬನನ್ನು, ಹೋಲುವ ಹೆಸರುಳ್ಳ ಕಾರಿನ ಒಡೆಯನೊಬ್ಬನೊಡನೆ ಒಂದುಗೂಡಿಸಿದ್ದರಿಂದ ಆ ಕುಟುಂಬಕ್ಕೆ ಪಡಿತರ ತಪ್ಪಿದ ವೃತ್ತಾಂತ 2024ರಲ್ಲಿ ಪ್ರಕಟವಾಯಿತು.

ಈ ನಗರದಲ್ಲಿ ಇಂಥ ಪ್ರಮಾದವನ್ನು ಆಕಸ್ಮಿಕವೆನ್ನುವಂತಿಲ್ಲ. ಉರ್ದು ಹೆಸರೊಂದು ತೆಲುಗಿಗೂ ರೋಮನ್ ಲಿಪಿಗೂ ಇಳಿಯುವಾಗ ಹಲವು ರೂಪ ತಾಳುತ್ತದೆ. ತೆಲುಗರಲ್ಲಿ ಮನೆತನದ ಹೆಸರು ಮೊದಲು. ಕಲಬುರಗಿ, ರಾಯಚೂರುಗಳಿಂದ ಬಂದ ಕುಲಕರ್ಣಿ, ದೇಸಾಯಿಗಳಲ್ಲಿ ಅದು ಕೊನೆಗೆ. ಮೈಸೂರಿನ ಕಡೆಯವರಿಗೆ ಊರು ಮತ್ತು ತಂದೆಯ ಹೆಸರುಗಳು ಬರಿಯ ಮೊದಲಕ್ಷರಗಳು. (ಮೂರು ಲಿಪಿಗಳ ನಡುವೆ ಬದುಕುವ ಇಲ್ಲಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ.) ಗಣಕಕ್ಕೆ ಇದು ಅಕ್ಷರಗಳ ಅಂತರ ಮಾತ್ರ. ಎಷ್ಟು ಅಂತರವನ್ನು ಕ್ಷಮಿಸಬೇಕೆಂಬುದನ್ನು ಗೊತ್ತುಮಾಡುವವನು ಮನುಷ್ಯನೇ. ಹೆಚ್ಚು ಕ್ಷಮಿಸಿದರೆ ಇಬ್ಬರು ಒಬ್ಬನಾಗುತ್ತಾರೆ. ಕಡಿಮೆ ಕ್ಷಮಿಸಿದರೆ ಒಬ್ಬನೇ ಇಬ್ಬರಾಗುತ್ತಾನೆ. ಆ ಗೆರೆಯನ್ನು ಎಲ್ಲಿ ಎಳೆಯಲಾಯಿತು, ಯಾರು ಎಳೆದರು ಎಂಬುದು ಮಾತ್ರ ಪಡಿತರ ಕಳೆದುಕೊಂಡವನಿಗೆ ತಿಳಿಯುವಂತಿಲ್ಲ. ಹಲವರಿಗೆ ನೋಟೀಸು ಕೂಡ ತಲಪಲಿಲ್ಲ.

ಗಣಕದ ಮಾನದಂಡಗಳಿಂದ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲಿನಲ್ಲಿ ವಿಧಿಸಿತು. ಮನುಷ್ಯನ ವಿವೇಚನೆಗೆ ಕಡೆಗೂ ಎಡೆ ದೊರೆಯಿತು, ಹಸಿವಿನ ವರ್ಷಗಳು ಕಳೆದ ಮೇಲೆ. ತಾಳೆಯಾದ ದಾಖಲೆಗಳನ್ನೂ ಅವನ್ನು ಕೂಡಿಸಿದ ಕಾರಣವನ್ನೂ ಸಂಬಂಧಪಟ್ಟವನ ಭಾಷೆಯಲ್ಲಿ ತಿಳಿಸಿ, ಅವನ ಉತ್ತರ ಬರುವವರೆಗೆ ಕಾರ್ಡನ್ನು ಉಳಿಸುವ ಒಂದು ಹಂತವು ವಿನ್ಯಾಸದಲ್ಲೇ ಇದ್ದಿದ್ದರೆ, ರಿಕ್ಷಾದವನ ಮನೆಯವರು ತಮಗೆ ಕಾರಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಬಹುದಾಗಿತ್ತು.