ಕಂಠಪಾಠದ ಕರುಣೆ

ವಿಮರ್ಶೆ ಬರೆಯುವವನ ಮೇಜಿನ ಮೇಲೆ ಬಂದು ಬೀಳುವುದು ಸಾಮಾನ್ಯವಾಗಿ ಕವನಸಂಗ್ರಹ, ಕಾದಂಬರಿ, ಇಲ್ಲವೆ ಅಭಿನಂದನ ಗ್ರಂಥ. ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಪಾಲಿಗೆ ಬಂದದ್ದು ಬೇರೊಂದು ಬಗೆಯ ಕೃತಿ. ಕರ್ತೃವಿನ ಹೆಸರಿಲ್ಲ, ಮುನ್ನುಡಿಯಿಲ್ಲ; ಜೆರಾಕ್ಸ್ ಪ್ರತಿಯಾಗಿ ಕೈಯಿಂದ ಕೈಗೆ ದಾಟಿ ಬಂದ ಇಂಗ್ಲಿಷ್ ಟಿಪ್ಪಣಿಗಳ ಒಂದು ಕಟ್ಟು. ಹೊರದೇಶಗಳಲ್ಲಿ ಕಲಿತ ವೈದ್ಯರು ಬ್ರಿಟನ್ನಿನಲ್ಲಿ ವೃತ್ತಿ ನಡೆಸಬೇಕಾದರೆ ಕೊಡಬೇಕಾದ ‘ಪ್ಲಾಬ್’ ಪರೀಕ್ಷೆಗೆಂದು ಯಾರೋ ಬರೆದಿಟ್ಟದ್ದು. ತಂದವನು ನನ್ನ ಅಕ್ಕನ ಮಗ. ಉತ್ತರ ಕರ್ನಾಟಕದ ಕಾಲೇಜೊಂದರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವನು, ಆ ಪರೀಕ್ಷೆಯ ಎರಡನೆಯ ಭಾಗದಲ್ಲಿ ಒಮ್ಮೆ ನಪಾಸಾಗಿ ಹಿಂದಿರುಗಿದ್ದವನು. “ಮಾಮಾ, ನಿಮಗ ಹೆಂಗೂ ನಾಟಕದ ಹುಚ್ಚು ಐತಿ. ಒಂದು ತಿಂಗಳು ನನ್ನ ರೋಗಿ ಆಗ್ರಿ,” ಎಂದ.

ಈ ಪರೀಕ್ಷೆಯ ಸ್ವರೂಪವನ್ನು ವಾಚಕರಿಗೆ ಸ್ವಲ್ಪ ತಿಳಿಸಬೇಕು. 1975ಕ್ಕೆ ಮೊದಲು ಭಾರತದ ಅನೇಕ ವೈದ್ಯಪದವಿಗಳಿಗೆ ಬ್ರಿಟನ್ನಿನಲ್ಲಿ ನೇರ ಮನ್ನಣೆಯಿತ್ತು. ಆ ವರ್ಷ ಅದು ನಿಂತಿತು. ಪರೀಕ್ಷೆಯ ಪದ್ಧತಿ ಬಂತು. ಈಗ ಮೊದಲನೆಯ ಭಾಗದಲ್ಲಿ ಮೂರು ಗಂಟೆಗಳಲ್ಲಿ 180 ಪ್ರಶ್ನೆ, ನಿಮಿಷಕ್ಕೊಂದು. ಅದನ್ನು ಭಾರತದಲ್ಲೇ ಬರೆಯಬಹುದು. ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರಿಗೇ ಹೋಗಬೇಕು. ಅಲ್ಲಿ 16 ಸನ್ನಿವೇಶಗಳು. ಬಾಗಿಲ ಹೊರಗೆ ನಿಂತು ಒಂದೂವರೆ ನಿಮಿಷ ಸೂಚನೆ ಓದಬೇಕು. ಒಳಗೆ ಹೋದರೆ ಎಂಟು ನಿಮಿಷ. ಒಳಗೆ ಕುಳಿತಿರುವವನು ಹೆಚ್ಚಿನ ಸನ್ನಿವೇಶಗಳಲ್ಲಿ ರೋಗಿಯಲ್ಲ, ರೋಗಿಯ ಪಾತ್ರ ವಹಿಸಿದ ನಟ. ವೈದ್ಯಜ್ಞಾನಕ್ಕೆ ಅಂಕವಿರುವಂತೆಯೇ ಆ ನಟನೊಡನೆ ಮಾತಾಡಿದ ರೀತಿಗೂ ಅಂಕವುಂಟು.

ನಟನನ್ನು ರೋಗಿಯಾಗಿ ಕೂರಿಸುವ ಈ ಉಪಾಯವನ್ನು 1963ರಲ್ಲಿ ಲಾಸ್ ಏಂಜಲೀಸಿನ ನರರೋಗತಜ್ಞ ಹೋವರ್ಡ್ ಬ್ಯಾರೋಸ್ ಆರಂಭಿಸಿದ. ಬೇರೆ ಬೇರೆ ನೆಲೆಗಳಲ್ಲಿ ಗಂಟೆ ಹೊಡೆದಂತೆ ಮುಂದಕ್ಕೆ ಸಾಗುವ ಪರೀಕ್ಷೆಯ ಕ್ರಮವನ್ನು ಡಂಡಿಯ ರೊನಾಲ್ಡ್ ಹಾರ್ಡನ್ 1975ರಲ್ಲಿ ಪ್ರಕಟಿಸಿದ. ಎರಡೂ ಕೂಡಿ ಆದದ್ದೇ ಇಂದಿನ ಪರೀಕ್ಷೆ. ಅದು ನಾಟಕವೆಂದ ಮೇಲೆ ನನ್ನಂಥ ಕನ್ನಡ ಮೇಷ್ಟರಿಗೂ ಅದರ ಬಗ್ಗೆ ಎರಡು ಮಾತು ಹೇಳುವ ಅಧಿಕಾರ ಬಂದಂತಾಯಿತು.

ಇನ್ನು ಕೃತಿವಿಚಾರ. ಟಿಪ್ಪಣಿಯ ವೈದ್ಯಭಾಗದ ಗುಣದೋಷ ನನಗೆ ತಿಳಿಯದು. ಸಂಭಾಷಣೆಯ ಭಾಗ ಚೆನ್ನಾಗಿಯೇ ತಿಳಿಯಿತು. “ಇದನ್ನು ಕೇಳಿ ನನಗೆ ಬಹಳ ವಿಷಾದವಾಯಿತು; ಇದು ನಿಮಗೆ ತುಂಬ ಕಷ್ಟದ ಕಾಲವಿರಬೇಕು” ಎಂಬ ಅರ್ಥದ ವಾಕ್ಯವೊಂದು ಅದರಲ್ಲಿ ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ಗಂಡ ಸತ್ತ ಹೆಂಗಸಿಗೂ ಅದೇ. ಕಾಲು ಉಳುಕಿದ ಹುಡುಗನಿಗೂ ಅದೇ. ಅದರ ಪಕ್ಕದಲ್ಲಿ ಕಂಸದೊಳಗೆ ‘ಇಲ್ಲಿ ಎರಡು ಸೆಕೆಂಡು ಮೌನ’ ಎಂಬ ರಂಗಸೂಚನೆ. ಭರತ ಹೇಳಿದ ನಾಲ್ಕು ಅಭಿನಯಗಳಲ್ಲಿ ಆಂಗಿಕ, ವಾಚಿಕ, ಆಹಾರ್ಯಗಳನ್ನು ಈ ಪುಸ್ತಕ ಒದಗಿಸಿದೆ. ಸಾತ್ತ್ವಿಕವನ್ನೂ ಸೆಕೆಂಡಿನ ಲೆಕ್ಕದಲ್ಲಿ ಒದಗಿಸಹೊರಟದ್ದೇ ಅದರ ದೋಷ.

ಈ ದೋಷ ನನಗೆ ಮನದಟ್ಟಾದದ್ದು ಓದಿನಿಂದಲ್ಲ, ಪಾತ್ರದಿಂದ. ಒಂದು ಸಂಜೆ ನಾನು ಬಸ್ ಚಾಲಕ. ಮೂರ್ಛೆ ಬಂದು ಬಿದ್ದಿದ್ದೇನೆ. ಇನ್ನು ಬಸ್ಸು ಓಡಿಸಕೂಡದು, ಲೈಸೆನ್ಸಿನ ಕಚೇರಿಗೆ ತಿಳಿಸಬೇಕು ಎಂಬುದನ್ನು ವೈದ್ಯ ನನಗೆ ಹೇಳಬೇಕು. ನನ್ನ ಹೆಂಡತಿ ಗಡಿಯಾರ ಹಿಡಿದು ಕುಳಿತಳು. ಹುಡುಗ ನಿಯಮವನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ವಿವರಿಸಿದ. “ಹಾಗಾದರೆ ನನ್ನ ಕೆಲಸದ ಗತಿ?” ಎಂದೆ. “ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ,” ಎಂದವನೇ, “ನೀವು ಮದ್ಯಪಾನ ಮಾಡುತ್ತೀರಾ?” ಎಂದು ಮುಂದಿನ ಪ್ರಶ್ನೆಗೆ ಹಾರಿದ. ನಾನು ಚಾಲಕನಲ್ಲ, ನನಗೆ ಮೂರ್ಛೆಯಿಲ್ಲ; ಆದರೂ ಆ ಕ್ಷಣ ನನಗೆ ಅವಮಾನವಾಯಿತು. ಅವನಿಗೆ ಅಲ್ಲಿ ಅಂಕ ಏಕೆ ಹೋಗಿತ್ತೆಂದು ಊಹಿಸುವುದು ಕಷ್ಟವಾಗಲಿಲ್ಲ.

“ಇದನ್ನೇ ನಿಮ್ಮ ವಾರ್ಡಿನಲ್ಲಿ ಹೇಗೆ ಹೇಳುತ್ತಿದ್ದೆ?” ಎಂದು ಕೇಳಿದೆ. ಅವನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡು, “ಕಾಕಾ, ಇನ್ನ ಗಾಡಿ ಹೊಡೀಬ್ಯಾಡ್ರಿ. ನಿಮಗೂ ಅಪಾಯ, ಕುಂತವರಿಗೂ ಅಪಾಯ. ಮನಿಯಾಗ ದುಡಿಯೋರು ಮತ್ತ ಯಾರದಾರ?” ಎಂದ.

ಈ ಕೊನೆಯ ಪ್ರಶ್ನೆಯನ್ನು ವಾಚಕರು ಗಮನಿಸಬೇಕು. ನಮ್ಮ ದಿನಬಳಕೆಯ ಮಾತಿನಲ್ಲಿ ‘ವಿಷಾದವಾಯಿತು’ ಎನ್ನುವವರಿಲ್ಲ. ಅದು ಪತ್ರಿಕೆಯ, ಸಂತಾಪಸಭೆಯ ಭಾಷೆ. ನಮ್ಮ ಜನದ ಮರುಕ ಹೆಚ್ಚಾಗಿ ಪ್ರಶ್ನೆಯ ರೂಪದಲ್ಲಿ ಬರುತ್ತದೆ: ಯಾವಾಗಿನಿಂದ? ಊಟ ಸೇರುತ್ತದೆಯೆ? ಜೊತೆಗೆ ಯಾರು ಬಂದಿದ್ದಾರೆ? ಹುಡುಗನಲ್ಲಿ ಮರುಕವಿರಲಿಲ್ಲವೆಂದಲ್ಲ. ಅದು ಅವನ ಕನ್ನಡದಲ್ಲಿತ್ತು. ಟಿಪ್ಪಣಿಯ ವಾಕ್ಯಗಳನ್ನು ಹೇರಿಕೊಂಡದ್ದರಿಂದ ಇಂಗ್ಲಿಷಿಗೆ ದಾಟಲಾರದೆ ಹೋಗಿತ್ತು. ಆ ಪ್ರಶ್ನೆಯನ್ನೇ ಸರಳ ಇಂಗ್ಲಿಷಿನಲ್ಲಿ ಕೇಳೆಂದೆ. ಕೇಳಿದ. ನನಗೆ ಉತ್ತರ ಹೇಳಬೇಕೆನ್ನಿಸಿತು.

ಹಾಗೆಂದು ನಮ್ಮ ಪದ್ಧತಿಯೇ ಸರಿ, ಅವರದು ಬರಿಯ ಆಡಂಬರ ಎಂದರೆ ಅದು ಪಕ್ಷಪಾತ. ಇನ್ನೊಂದು ಸಂಜೆ ನನ್ನ ಹೆಂಡತಿಯೇ ಪಾತ್ರಧಾರಿ. ಆಸ್ಪತ್ರೆಯಲ್ಲಿರುವ ಮುದುಕಿಯ ಮಗಳು. ತಾಯಿಯ ಕಾಯಿಲೆ ಏನೆಂದು ಕೇಳಿದಳು. ಹುಡುಗ ಎಲ್ಲವನ್ನೂ ಹೇಳಿಬಿಟ್ಟ. ನಮ್ಮ ಆಸ್ಪತ್ರೆಗಳಲ್ಲಿ ಮಗನನ್ನೋ ಅಳಿಯನನ್ನೋ ವರಾಂಡಕ್ಕೆ ಕರೆದು ತಿಳಿಸುವುದು ರೂಢಿ. ರೋಗಿಗೆ ಕೊನೆಯವರೆಗೂ ತಿಳಿಯದಿದ್ದರೂ ಆಶ್ಚರ್ಯವಿಲ್ಲ. ಅಲ್ಲಿ ಅದು ದೊಡ್ಡ ತಪ್ಪು. ಮೊದಲು ತಾಯಿಯ ಒಪ್ಪಿಗೆ ಬೇಕು. “ಅವಳ ದೇಹದ ಸುದ್ದಿ ಅವಳಿಗೇ ಮೊದಲು ತಿಳಿಯಬೇಡವೆ?” ಎಂದು ಟಿಪ್ಪಣಿ ಓದಿ ನನ್ನ ಹೆಂಡತಿ ಕೇಳಿದಾಗ ಮಾವ ಅಳಿಯಂದಿರಿಬ್ಬರೂ ಸುಮ್ಮನಾದೆವು. ರೋಗಿಯ ಅನಿಸಿಕೆ, ಆತಂಕ, ನಿರೀಕ್ಷೆ ಈ ಮೂರನ್ನೂ ಕೇಳಬೇಕೆಂಬುದು ಅಲ್ಲಿಯ ಇನ್ನೊಂದು ಪಾಠ. ನಮ್ಮ ಹಳ್ಳಿಯ ರೋಗಿ, “ಅದನ್ನ ನೀವ ಹೇಳಬೇಕ್ರಿ, ಡಾಕ್ಟರ್ ಸಾಹೇಬ್ರ,” ಎನ್ನುತ್ತಾನೆ, ನಿಜ. ಹಿಂದೆಂದೂ ಅವನನ್ನು ಯಾರೂ ಕೇಳಿರಲಿಲ್ಲವೆಂಬುದೂ ಅಷ್ಟೇ ನಿಜ.

ಪರೀಕ್ಷೆಯ ಬಗ್ಗೆ ನನ್ನ ಆಕ್ಷೇಪವಿರುವುದು ಕಾಲಮಿತಿಯಲ್ಲಿ. ಎಂಟು ನಿಮಿಷದಲ್ಲಿ ರೋಗ ತಿಳಿದು, ಮದ್ದು ಹೇಳಿ, ಮನಸ್ಸನ್ನೂ ಮುಟ್ಟಬೇಕೆಂದಾಗ ಆ ಭಾಷೆಯಲ್ಲೇ ಹುಟ್ಟಿ ಬೆಳೆದವನ ಮರುಕ ತಾನಾಗಿ ಬಂದೀತು. ಕಲಿತು ಆಡುವವನು ಸಿದ್ಧವಾಕ್ಯಕ್ಕೆ ಕೈ ಚಾಚುತ್ತಾನೆ. ಚಾಚಿದ್ದಕ್ಕೆ ಅಂಕ ಕಳೆದುಕೊಳ್ಳುತ್ತಾನೆ. ಟಿಪ್ಪಣಿಗಳು ಹುಟ್ಟುವುದು ಈ ಭಯದಿಂದಲೇ.

ನಮ್ಮಲ್ಲಿ ವೈದ್ಯರಾಗಿದ್ದು ಸಾಹಿತಿಗಳಾದವರಿದ್ದರು. ರಾಶಿಯವರು ‘ಕೊರವಂಜಿ’ಯನ್ನು ನಡೆಸಿದರು, ಅನುಪಮಾ ನಿರಂಜನ ಅವರು ಕಾದಂಬರಿಗಳ ಜೊತೆಗೆ ಜನರಿಗಾಗಿ ಕನ್ನಡದಲ್ಲಿ ವೈದ್ಯಗ್ರಂಥಗಳನ್ನೂ ಬರೆದರು. ಹುಡುಗನಿಗೆ ಟಿಪ್ಪಣಿಯ ಬದಲು ಇಂಥವರನ್ನು ಓದಲು ಕೊಟ್ಟಿದ್ದರೆ ಪರೀಕ್ಷೆ ಗೆಲ್ಲುತ್ತಿದ್ದನೆಂದು ಹೇಳಲಾರೆ. ತನ್ನ ಮಾತನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳುತ್ತಿದ್ದನೋ ಏನೋ.

ಆದರೆ ಟಿಪ್ಪಣಿಕಾರನನ್ನು ಬಯ್ಯುವ ಮುನ್ನ ನನ್ನನ್ನು ನಾನು ನೋಡಿಕೊಳ್ಳಬೇಕಾಯಿತು. ಇಪ್ಪತ್ತು ವರ್ಷಗಳಿಂದ ನಾನು ತಿದ್ದುತ್ತ ಬಂದ ಉತ್ತರಪತ್ರಿಕೆಗಳಲ್ಲಿ “ಈ ಪದ್ಯದಲ್ಲಿ ಕರುಣರಸವು ಉಕ್ಕಿ ಹರಿದಿದೆ” ಎಂಬ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ! ಗೈಡಿನಿಂದ ಬಂದದ್ದೆಂದು ಬಲ್ಲೆ. ಕೆಲವು ಸಲ ನಾನೇ ಬರೆಸಿದ ನೋಟ್ಸಿನಿಂದಲೂ ಬಂದದ್ದು. ಅದಕ್ಕೆ ಪೂರ್ಣಾಂಕ ಕೊಟ್ಟಿದ್ದೇನೆ. ಪದ್ಯದೆದುರು ಹುಡುಗರು ಆಡಿದ್ದು ಇಂಥ ಮಾತೇ. ರೋಗಿಯೆದುರು ಬೇರೆ ಮಾತು ಎಲ್ಲಿಂದ ಬರಬೇಕು?

ಅಕ್ಕನ ಮಗ ಮಳೆಗಾಲದಲ್ಲಿ ಮತ್ತೆ ಮ್ಯಾಂಚೆಸ್ಟರಿಗೆ ಹೋಗಿಬಂದ; ಈ ಸಲ ತೇರ್ಗಡೆಯಾದ. ಅದು ನನ್ನ ಅಭಿನಯದ ಫಲವೆಂದು ತಿಳಿಯುವಷ್ಟು ಭ್ರಮೆ ನನಗಿಲ್ಲ. ಟಿಪ್ಪಣಿಯ ಕಟ್ಟನ್ನು ಅವನು ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದಾನೆ; ಅದರ ಪಕ್ಕದಲ್ಲಿ ಈ ವರ್ಷದ ಉತ್ತರಪತ್ರಿಕೆಗಳ ಕಟ್ಟೂ ಬಂದು ಕುಳಿತಿದೆ. ಮೊದಲನೆಯದನ್ನು ತೆರೆದೆ. ಕರುಣರಸ ಎರಡನೆಯ ಸಾಲಿನಲ್ಲೇ ಉಕ್ಕಿ ಹರಿದಿತ್ತು. ಪೆನ್ನು ಕೆಳಗಿಟ್ಟು, ನಾಳೆ ಆ ಹುಡುಗನನ್ನು ಕರೆದು ಪದ್ಯದಲ್ಲಿ ನಿನಗೆ ನಿಜವಾಗಿ ಏನು ಕಂಡಿತೆಂದು ಕೇಳೋಣವೆಂದುಕೊಂಡೆ.