‘ಅನ್‌ಬ್ರಿಟಿಷ್’ ಎಂಬ ಪದದ ತೊಡಕು

ದಾದಾಭಾಯಿ ನವರೋಜಿಯವರ ‘ಪಾವರ್ಟಿ ಆ್ಯಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ’ (1901) ಸಲೀಸಾಗಿ ಓದಿಸಿಕೊಳ್ಳುವ ಪುಸ್ತಕವಲ್ಲ. ಪ್ರಬಂಧ, ಭಾಷಣ, ಅಧಿಕಾರಿಗಳೊಡನೆ ನಡೆಸಿದ ಪತ್ರವ್ಯವಹಾರಗಳನ್ನು ಒಟ್ಟುಮಾಡಿದ ಸಂಪುಟವಿದು; ಹೇಳಿದ್ದೇ ಮತ್ತೆ ಮತ್ತೆ ಬರುತ್ತದೆ. ಆದರೂ ಮಿತವಾದಿಗಳದ್ದು ಬರೀ ಅರ್ಜಿ ಗುಜರಾಯಿಸುವ ರಾಜಕಾರಣ ಎಂಬ ಸಿದ್ಧ ಮಾತನ್ನು ಇದು ಅಲುಗಾಡಿಸುತ್ತದೆ ಎಂದು ನನಗನ್ನಿಸುತ್ತದೆ.

ಒಂದು ಲೆಕ್ಕ ನೋಡಿ. 1867-68ರ ಸರ್ಕಾರಿ ಅಂಕಿಅಂಶಗಳಿಂದಲೇ ನವರೋಜಿ, ಭಾರತೀಯನೊಬ್ಬನ ವರ್ಷದ ವರಮಾನ ಸುಮಾರು 20 ರೂಪಾಯಿ ಎಂದು ತೋರಿಸುತ್ತಾರೆ. ಅದರ ಪಕ್ಕದಲ್ಲೇ ಜೈಲಿನ ಕೈದಿಯೊಬ್ಬನ ಊಟ-ಬಟ್ಟೆಗೆ ಸರ್ಕಾರ ಮಾಡುವ ಖರ್ಚನ್ನು ಇಡುತ್ತಾರೆ. ಕೈದಿಯ ಖರ್ಚೇ ಹೆಚ್ಚು! ಆಳುವವರ ಕಡತವೇ ಅವರ ವಿರುದ್ಧ ಸಾಕ್ಷಿ ನುಡಿಯುತ್ತದೆ.

ತೊಡಕಿರುವುದು ‘ಅನ್‌ಬ್ರಿಟಿಷ್’ ಎಂಬ ಪದದಲ್ಲಿ. ಸಂಪತ್ತಿನ ಸೋರಿಕೆ ಬ್ರಿಟಿಷ್ ಗುಣಕ್ಕೆ ಹೊರತಾದುದು ಎಂದರೆ ನ್ಯಾಯವೇ ಅವರ ನಿಯಮ, ಲೂಟಿ ಅಪವಾದ ಎಂದಂತಾಯಿತು. ಪುಸ್ತಕದ ಅಂಕಿಗಳೋ ಸೋರಿಕೆ ವರ್ಷ ವರ್ಷವೂ ನಡೆಯುವ ವ್ಯವಸ್ಥೆಯೆಂದು ಸಾರುತ್ತವೆ. ಇದನ್ನು ಬರೀ ಭ್ರಮೆ ಎಂದು ತಳ್ಳಿಹಾಕಲಾರೆ. 1892ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾಗಿದ್ದ ನವರೋಜಿಯವರಿಗೆ ಅಲ್ಲಿನ ಓದುಗರನ್ನು ಒಪ್ಪಿಸಬೇಕಿತ್ತು. ಆದರೆ ಆ ಓದುಗರನ್ನೇ ಎದುರಿಗಿಟ್ಟುಕೊಂಡಿದ್ದರಿಂದ ಭಾರತದ ರೈತ ಇಲ್ಲಿ ಒಂದು ಸರಾಸರಿಯಾಗಿ ಉಳಿದ. ಅವನ ದನಿ ಕೇಳಿಸುವುದಿಲ್ಲ.

1906ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ, ಎಂಬತ್ತು ದಾಟಿದ್ದ ನವರೋಜಿ ಸ್ವರಾಜ್ಯ ಬೇಕೆಂದರು. ಆಗಲೂ ಅವರ ಕಣ್ಣಮುಂದಿದ್ದ ಮಾದರಿ ಬ್ರಿಟನ್ ಮತ್ತು ಅದರ ವಸಾಹತುಗಳದ್ದೇ. ಆದರೆ ಆ ಬೇಡಿಕೆಗೆ ಬೇಕಾದ ಪುರಾವೆಯನ್ನು ಈ ಪುಸ್ತಕದ ಲೆಕ್ಕಗಳು ಮೊದಲೇ ಒದಗಿಸಿದ್ದವು.